ಗುಡ್ಡದಾಚೆಯ ಬಿಸಿಲು

ಯಾದಗಿರಿಯ ನಮ್ಮ ಓಣಿಯಲ್ಲಿ ಯಾರ ಮನೆಯಿಂದಲಾದರೂ ಪುಂಡಿಪಲ್ಯ ಕುದಿಯುವ ಹುಳಿ ವಾಸನೆ ಬಂದರೆ ನಾನು ಈಗಲೂ ಕಿಟಕಿಗೆ ಹೋಗಿ ಬಿಸಿಲು ಎಲ್ಲಿದೆಯೆಂದು ನೋಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ಸುರಪುರದ ಗುಡ್ಡದ ಬುಡದಲ್ಲಿದ್ದ ನಮ್ಮ ಹಳೆಯ ಮನೆ ಈಗಿಲ್ಲ. ಅಲ್ಲಿ ಬೆಳೆದವರಿಗೆ ಹೊತ್ತು ಮುಳುಗುವುದೆಂದರೆ ಹುಡುಗಾಟವಾಗಿರಲಿಲ್ಲ. ಅಪ್ಪನ ತಾಯಿ ರೂತಮ್ಮ, ನಮ್ಮ ಆಯಿ, ಬೆಳಿಗ್ಗೆ ಚಹಾಕ್ಕೆ ಮೊದಲು ಸತ್ಯವೇದ, ಅಂದರೆ ಬೈಬಲ್, ಓದಿ ಅಂದಿನ ಪಾಠ ಹೇಳುತ್ತಿದ್ದಳು. ವಿಧವೆಯ ಎಣ್ಣೆ ಬತ್ತದ ಕಥೆ ಬಂದ ದಿನ ಕೇಳಿದವರಿಗೆಲ್ಲ ಎಣ್ಣೆ ಕೊಡಬೇಕು. ಅಮ್ಮ ಒಳಗೊಳಗೇ ಗೊಣಗುತ್ತಿದ್ದಳು. ದಾರಿಯಲ್ಲಿ ಬಿದ್ದ ಗಾಯಾಳುವನ್ನು ಉಪಚರಿಸಿದ ಸಮಾರ್ಯದವನ ಕಥೆ ಬಂದ ದಿನ ಬಾಗಿಲಿಗೆ ಬಂದವರಿಗೆಲ್ಲ ರೊಟ್ಟಿ. ದಿನವೂ ಪಾಲಿಸುವ ಪಾಠ ಮಾತ್ರ ಒಂದೇ: ಸಿಟ್ಟು ಇಟ್ಟುಕೊಂಡು ಹೊತ್ತು ಮುಳುಗಿಸಬಾರದು. ಗುಡ್ಡದ ನೆರಳು ಓಣಿಗೆ ಇಳಿಯುತ್ತಿದ್ದಂತೆ ಅಪ್ಪ ರಾಜಿಯಾಗಲು ಕಾಕಾನನ್ನು ಹುಡುಕಿಕೊಂಡು ಹೋಗುತ್ತಿದ್ದ, ಅಮ್ಮ ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಳು.

ಆಯಿಯ ಅಕ್ಕ ಎಸ್ತರಮ್ಮನ ಮನೆ ಗುಡ್ಡದ ಆಚೆ, ಪಡುವಣ ಮಗ್ಗುಲಿಗಿತ್ತು. ಒಂದು ಭಾನುವಾರ ಪ್ರಾರ್ಥನೆಯ ನಂತರದ ಊಟದಲ್ಲಿ ಅವಳು ಎಲ್ಲರೆದುರು, "ರೂತಿ, ನಿನ್ನ ಪುಂಡಿಪಲ್ಯ ತಿಂದ್ರ ಹಲ್ಲು ಉಳಿಯಂಗಿಲ್ಲ ಬಿಡು" ಎಂದುಬಿಟ್ಟಳು. ಆಯಿ ಪಾತ್ರೆ ಎತ್ತಿಕೊಂಡು ಬಂದು ಮುಖ ಗಂಟು ಹಾಕಿ ಕೂತಳು. ಸಂಜೆ ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ನೆರಳು ಹೊಸ್ತಿಲು ದಾಟಿತ್ತು. "ಹೊತ್ತು ಮುಳುಗಿತು. ಇನ್ನ ಹೋದ್ರೇನು ಬಿಟ್ರೇನು, ನಾಳಿ ಹೋಗ್ತೀನಿ" ಎಂದು ಚಪ್ಪಲಿ ಬಿಟ್ಟಳು. ಬೆಳಗಾಗುವಷ್ಟರಲ್ಲಿ ಎಸ್ತರಮ್ಮ ನಿದ್ದೆಯಲ್ಲೇ ತೀರಿಕೊಂಡಿದ್ದಳು. ಮಣ್ಣಾದ ಮೇಲೆ ಅವಳ ಸೊಸೆ ಆಯಿಯ ಹತ್ತಿರ ಬಂದಳು. "ಆವತ್ತ ಸಂಜಿ ನಮ್ಮ ಕಡಿ ಇನ್ನೂ ಬಿಸಿಲಿತ್ರಿ, ಸಣ್ಣತ್ತಿ. ಅತ್ತಿ ಊಟಕ್ಕ ಎರಡು ತಾಟು ಇಡಿಸಿ, ರೂತಿ ಬರ್ತಾಳ ಅಂತ ಬಾಗಿಲದಾಗ ಕುಂತಿದ್ದಳ್ರಿ." ಗುಡ್ಡ ನಮಗೆ ಮಾತ್ರ ಹೊತ್ತು ಮುಳುಗಿಸಿತ್ತು. ಅಷ್ಟು ವರ್ಷ ಅದರ ಬುಡದಲ್ಲೇ ಬಾಳಿದ ನಮಗೆ ಇದು ಹೊಳೆದೇ ಇರಲಿಲ್ಲ.

ಆಮೇಲೆ ಅದು ಶುರುವಾಯಿತು. ನೆರಳು ಓಣಿಯನ್ನೆಲ್ಲ ಮುಚ್ಚಿದ ಮೇಲೂ ನಮ್ಮ ಪಡಸಾಲೆಯ ಗೋಡೆಯ ಮೇಲೆ ತಾಟಿನಗಲದ ಬಿಸಿಲು ಉಳಿಯುತ್ತಿತ್ತು. ಯಾರದೋ ಮನೆಯ ತಗಡು ಹೊಳೆಯುತ್ತಿರಬೇಕೆಂದು ಅಪ್ಪ ಮಾಳಿಗೆ ಹತ್ತಿ ಹುಡುಕಿದ, ಬಾಗಿಲು ಮುಚ್ಚಿ ನೋಡಿದ. ಬಿಸಿಲು ಕದಲಲಿಲ್ಲ. ನಾನೊಮ್ಮೆ ಅದರ ಮೇಲೆ ಅಂಗೈ ಇಟ್ಟೆ. ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಹೆದರಿ ಕೈ ಹಿಂದೆಗೆದುಕೊಂಡೆ. ಆ ಹೆದರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಆಯಿ ಮಾತ್ರ ಸಂಜೆಯೆಲ್ಲ ಅದರ ಮುಂದೆ ಕೂತು, "ಸತ್ಯವೇದದಾಗ ಯೆಹೋಶುವ ಹೊತ್ತು ನಿಲ್ಲಿಸಿದಂಗ ಅಕ್ಕ ನಿಲ್ಲಿಸ್ಯಾಳ" ಎನ್ನುತ್ತಿದ್ದಳು. ಅಕ್ಕನ ಮನೆಗೆ ಹೋಗಿ ಬಾ ಎಂದು ಅಪ್ಪ ಹೇಳಿದರೆ, "ಯಾವ ಮಾರಿ ಹೊತ್ಕೊಂಡು ಹೋಗ್ಲಿ?" ಎಂದು ಮುಖ ತಿರುಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಓದುತ್ತ ಓದುತ್ತ, ದೇವರಿಗೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಒಡಹುಟ್ಟಿದವರೊಂದಿಗೆ ರಾಜಿಯಾಗು ಎನ್ನುವ ಭಾಗ ಬಂತು. ಆಯಿ ನಮಗೆ ಯಾವ ಪಾಠವನ್ನೂ ಹೇಳದೆ ಪುಸ್ತಕ ಮುಚ್ಚಿದಳು. ಅಂದು ನಮ್ಮ ಓಣಿಗೆ ನೆರಳು ಬಿದ್ದ ಮೇಲೆ ನನ್ನ ಕೈ ಹಿಡಿದು ಗುಡ್ಡ ಸುತ್ತಿಕೊಂಡು ನಡೆದಳು. ಆಚೆ ಇನ್ನೂ ನಿಚ್ಚಳ ಬಿಸಿಲು. ಸೊಸೆ ಶಹಾಪುರದ ತವರಿಗೆ ಹೋಗಿದ್ದಳು, ಮನೆಗೆ ಬೀಗ ಬಿದ್ದಿತ್ತು. ಆಯಿ ಬಾಗಿಲಿಗೆ ಹಣೆ ಹಚ್ಚಿ, "ಅಕ್ಕ, ನನಗ ಸಿಟ್ಟಿಲ್ಲ ಬೇ. ನೀನೂ ಬಿಡು" ಎಂದಳು. ಒಳಗೆ ನೆಲದಿಂದ ತಾಟು ಎತ್ತಿದ ಸದ್ದಾಯಿತು. ಸ್ವಲ್ಪ ತಡೆದು, ಇನ್ನೊಂದು. ನಾವಿಬ್ಬರೂ ಕೇಳಿದೆವು.

ಮನೆಗೆ ಬಂದಾಗ ಪಡಸಾಲೆಯ ಗೋಡೆ ಬರೀ ಗೋಡೆಯಾಗಿತ್ತು. ನನಗೆ ಎದೆಯ ಭಾರ ಇಳಿದಂತಾಗಿ, "ಆಯಿ, ಹೋತು ನೋಡು" ಎಂದೆ. ಆಯಿ ಗೋಡೆಯನ್ನು ಸವರಿದಳು. ಅಕ್ಕನನ್ನು ಮಣ್ಣು ಮಾಡಿದ ದಿನವೂ ಅಳದವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು.

"ಸಿಟ್ಟು ಇರೋತನ ಅಕ್ಕ ನನ್ನ ದಾರಿ ಕಾಯಾಕತ್ತಿದ್ದಳು. ಇನ್ನ ಯಾಕ ಇರ್ತಾಳ?"