ಇಸ್ತ್ರಿ ಮಾಡಿದ ಟವೆಲ್ಲು

ಪಾಂಡವಪುರದ ನಮ್ಮ ಪಕ್ಕದ ಮನೆಯ ಯಜಮಾನರು ಹೆಂಡತಿ ತೀರಿಕೊಂಡ ಮೇಲೆ ನಾನು ಕೆಲಸಕ್ಕೆ ಹೋಗುವ ಮೈಸೂರು ಬಸ್ಸಿಗೇ ದಿನಾ ಬರತೊಡಗಿದರು. ಮೈಸೂರಿನಲ್ಲಿ ಅವರಿಗೆ ಕೆಲಸವೇನೂ ಇರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಇಸ್ತ್ರಿ ಮಾಡಿದ ಟವೆಲ್ಲು ಎಸೆದು, ಶ್ರೀರಂಗಪಟ್ಟಣದಲ್ಲಿ ಹತ್ತುವ ರಿಟೈರ್ಡ್ ಟೀಚರಮ್ಮನಿಗೆ ತಮ್ಮ ಪಕ್ಕದ ಸೀಟು ಹಿಡಿಯುತ್ತಿದ್ದರು. ಬೇರೆ ಯಾರು ಕೂರಲು ಬಂದರೂ ಒಂದೇ ಮಾತು: “ಬತ್ತಾರೆ ಬುಡಿ.”

ಒಂದು ದಿನ ಟೀಚರಮ್ಮ ಹತ್ತಿದವರೇ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಮೀಸೆಗೆ ಬಣ್ಣ ಹಚ್ಚಿದ ಹಿರಿಯರೊಬ್ಬರು ಅಲ್ಲಿ ಅವರಿಗಾಗಿ ಕರ್ಚೀಫು ಹಾಸಿದ್ದರು. ಆಮೇಲೆ ಟೀಚರಮ್ಮ ಹಿಂದಕ್ಕೆ ತಿರುಗಿ, “ಯಜಮಾನ್ರೇ, ಜನ ನಿಂತವ್ರೆ, ಆ ಟವಲ್ ತಗೀರಿ” ಎಂದರು.

ಯಜಮಾನರು ಟವೆಲ್ಲಿನ ಸುಕ್ಕು ಸರಿಮಾಡಿ, ಕಿಟಕಿಯಾಚೆ ನೋಡುತ್ತಾ ಟೀಚರಮ್ಮನಿಗೇ ಹೇಳಿದರು: “ಬತ್ತಾರೆ ಬುಡಿ.”