ಮೇಲಂತಸ್ತಿನವರ ಒಪ್ಪಿಗೆ

ಗದಗಿನ ಪದ್ಮಾವತಿ ವಿಮಾ ಕಚೇರಿಯ ಬಡ್ತಿಗೆ ಗಂಟುಬಿದ್ದ ವರ್ಗಾವಣೆಯ ಮೇಲೆ ವಡೋದರಕ್ಕೆ ಬಂದವಳು. ಎರಡು ವರ್ಷ ಕಳೆದು ಊರಿಗೆ ಮರಳಿದರಾಯಿತು ಅಂದುಕೊಂಡಿದ್ದಳು. ಅಷ್ಟರಲ್ಲಿ ಊರಿನಲ್ಲಿ ಕಾಯುವವರೇ ಉಳಿಯಲಿಲ್ಲ, ಮದುವೆಯೂ ಕೂಡಿಬರಲಿಲ್ಲ. ಇಲ್ಲೇ ಒಂದು ಫ್ಲ್ಯಾಟ್ ಕೊಂಡು ಬೇರು ಬಿಟ್ಟಳು. ಬೇರು ಎನ್ನುವುದೂ ಹೆಚ್ಚಾಯಿತು, ಕುಂಡದ ಗಿಡದ ಹಾಗೆ ಇದ್ದಳು. ಅಲ್ಕಾಪುರಿಯ ಕಚೇರಿಯಿಂದ ಬಂದು ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಬೆಳಿಗ್ಗೆಯೇ. ತಂಗಿ ಶಾಂತಾ ಭಾನುವಾರ ಫೋನ್ ಮಾಡಿದಳೆಂದರೆ ಇಡೀ ವಾರಕ್ಕೆ ಅಷ್ಟೇ ಕನ್ನಡ.

ಆದರೆ ಅವಳ ಮನೆ ಇದ್ದದ್ದು ಮೇಲಂತಸ್ತಿನಲ್ಲಿ, ತಾರಸಿಯ ಮೆಟ್ಟಿಲಿಗೆ ಅಂಟಿಕೊಂಡು. ಉತ್ತರಾಯಣ ಬಂತೆಂದರೆ ಗುಜರಾತಿಗಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಇಡೀ ಕಟ್ಟಡವೇ ಗಾಳಿಪಟ ಹಿಡಿದು ತಾರಸಿ ಹತ್ತುತ್ತದೆ. ಅಷ್ಟೂ ಜನರ ನೀರಿಗೆ, ಬಚ್ಚಲಿಗೆ, ದಾರದಿಂದ ಬೆರಳು ಕೊಯ್ದುಕೊಂಡವರ ಗಾಯದ ಪಟ್ಟಿಗೆ ಪದ್ಮಾವತಿಯ ಮನೆಯೇ ಗತಿ. ನಮಗೂ ಅಂದೇ ಸಂಕ್ರಾಂತಿಯಲ್ಲವೇ? ಬಾಗಿಲು ಹಾರುಹೊಡೆದಿಟ್ಟು ಬಂದವರ ಕೈಗೆಲ್ಲ ಕುಸುರೆಳ್ಳು ಹಾಕುತ್ತಿದ್ದಳು. "ಪದ್ಮಾಬೆನ್, ಪದ್ಮಾಬೆನ್" ಎಂಬ ಆ ಗದ್ದಲವನ್ನು ವರ್ಷವಿಡೀ ಮೆಲುಕು ಹಾಕುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಸೊಸೈಟಿಯವರು ತಾರಸಿಗೆ ಸೋಲಾರ್ ಹಾಕಿಸುವ ಮನಸ್ಸು ಮಾಡಿದರು. ತಾರಸಿ ಎಲ್ಲರದ್ದೇ ಆದರೂ ಸೋರಿದರೆ ಮೊದಲು ತೊಯ್ಯುವವರು ಮೇಲಂತಸ್ತಿನವರು, ಆದ್ದರಿಂದ ಅವರು ಬರೆದುಕೊಡದೆ ಮೊಳೆಯನ್ನೂ ಹೊಡೆಯಬಾರದೆಂದು ನಿಯಮ. ಪಕ್ಕದ ಫ್ಲ್ಯಾಟಿನವರು ಸೂರತ್‌ನಲ್ಲಿದ್ದರು, ಅಲ್ಲಿಂದಲೇ ಒಪ್ಪಿಗೆ ಕಳಿಸಿದರು. ಉಳಿದವಳು ಪದ್ಮಾವತಿ.

ಕಾರ್ಯದರ್ಶಿ ಜಯೇಶಭಾಯಿ ಇಂಜಿನಿಯರನನ್ನೂ ನಾಲ್ಕಾರು ಸದಸ್ಯರನ್ನೂ ಕಟ್ಟಿಕೊಂಡು ಬಂದರು. ಕೂರಲು ಕುರ್ಚಿ ಸಾಲದೆ ಒಬ್ಬರು ಮಂಚದ ಮೇಲೆ ಕೂತರು. ಪದ್ಮಾವತಿ ಹಿಗ್ಗಿ ಹೀರೇಕಾಯಿಯಾದಳು. ಅವಲಕ್ಕಿ ಒಗ್ಗರಣೆ ಹಾಕಿದಳು, ಕಾಫಿ ಕಾಸಿದಳು.

ಜಯೇಶಭಾಯಿ ಮುಚ್ಚುಮರೆ ಮಾಡಲಿಲ್ಲ. "ಪ್ಯಾನಲ್ ಬಂದ ಮೇಲೆ ತಾರಸಿಗೆ ಬೀಗ, ಪದ್ಮಾಬೆನ್. ಗಾಳಿಪಟ ಇನ್ನು ಪಕ್ಕದ ಕಟ್ಟಡದಲ್ಲಿ. ಅವಸರ ಇಲ್ಲ, ಯೋಚನೆ ಮಾಡಿ. ನಾವು ಮತ್ತೆ ಬರ್ತೀವಿ."

ಮಾತು ಕಿವಿಗೆ ಬಿತ್ತು, ಅರ್ಥವೂ ಆಯಿತು. ಆದರೆ ಮನೆತುಂಬ ಜನ ಕೂತು ತನ್ನ ಮುಖವನ್ನೇ ನೋಡುವಾಗ 'ಆಗಲಿ' ಎನ್ನುವುದನ್ನು ಬಿಟ್ಟು ಬೇರೆ ಮಾತು ಅವಳ ಬಾಯಿಗೆ ಬರಲಿಲ್ಲ. ಕಾಫಿ ಆರುವ ಮೊದಲೇ ಸಹಿ ಹಾಕಿದಳು. ಸಹಿ ಬಿದ್ದದ್ದೇ ತಡ, ಎಲ್ಲರೂ ಎದ್ದರು.

ಶಾಂತಾ ಫೋನಿನಲ್ಲಿ ಬೈದಳು. "ಅಷ್ಟ ಲಗೂನ ಯಾಕ ಸಹಿ ಮಾಡಿದಿ ಅಕ್ಕಾ? ನಾಕ ದಿನ ಸತಾಯಿಸಬೇಕಿತ್ತಿಲ್ಲೊ?"

"ಮನೀಗೆ ಬಂದ ಮಂದಿಗೆ ಇಲ್ಲ ಅಂತ ಹ್ಯಾಂಗ ಅನ್ನೂದವ್ವ?"

ಈ ಸಲದ ಉತ್ತರಾಯಣಕ್ಕೂ ಬಾಗಿಲು ತೆರೆದೇ ಇಟ್ಟಳು. ಮೆಟ್ಟಿಲ ಮೇಲೆ ಒಂದು ಹೆಜ್ಜೆಯ ಸದ್ದಿಲ್ಲ. ಕೇಕೆಯೆಲ್ಲ ಪಕ್ಕದ ಕಟ್ಟಡದಿಂದ. ಮಧ್ಯಾಹ್ನದವರೆಗೆ ತಡೆದಳು. ಆಮೇಲೆ ತಡೆಯಲಾಗದೆ ಸೀರೆ ಬದಲಿಸಿ ಅಲ್ಲಿಗೆ ಹೋದಳು.

ಅಲ್ಲಿನ ಮೇಲಂತಸ್ತಿನಲ್ಲಿ ಹಂಸಾಬೆನ್ ಎಂಬ ಮುಖಪರಿಚಯದಾಕೆಯ ಮನೆ. ಬಾಗಿಲ ತುಂಬ ಚಪ್ಪಲಿ. ಪದ್ಮಾವತಿ ಹೊಸ್ತಿಲಲ್ಲಿ ನಿಂತದ್ದೇ, ಆಕೆ ತಲೆ ಎತ್ತದೆ ಹೇಳಿದಳು: "ನೀರು ಅಡುಗೆಮನೇಲಿದೆ. ಬಚ್ಚಲು ಎಡಕ್ಕೆ."

ಪದ್ಮಾವತಿಗೆ ಆಗ ಹೊಳೆಯಿತು. ಇಷ್ಟು ವರ್ಷ ತನ್ನ ಮನೆಗೆ ನುಗ್ಗುತ್ತಿದ್ದವರು ತನ್ನ ಮನೆಗೆಂದು ಬಂದವರಲ್ಲ, ತಾರಸಿಗೆ ಹೊರಟವರು. ಮನೆಗೆಂದು, ತನ್ನನ್ನೇ ಕೇಳಿಕೊಂಡು ಬಂದದ್ದು ಒಂದೇ ಸಲ, ಆ ಸಹಿಗೆ. ಅವರನ್ನು ಕಾಫಿ ಆರುವ ಮೊದಲೇ ಕಳಿಸಿಬಿಟ್ಟಿದ್ದಳು.

ಹಂಸಾಬೆನ್ ಈಗ ಗುರುತು ಹಿಡಿದು ನಕ್ಕಳು. "ಓ, ನೀವಾ! ನೋಡಿ ಈ ಕಾಟ. ನಮ್ಮಲ್ಲಿಗೂ ಸೋಲಾರ್ ಬರುತ್ತಂತೆ. ಕೇಳೋಕೆ ಬಂದ ಕೂಡಲೆ ಸಹಿ ಹಾಕಿ ಕೈ ತೊಳ್ಕೊಳ್ತೀನಿ."

"ಒಂದೇ ಸಲಕ್ಕೆ ಹಾಕಬೇಡಿ ಬೆನ್."

"ಯಾಕೆ? ಕಾಗದದಲ್ಲಿ ಏನಾದ್ರೂ ಮೋಸ ಇದೆಯಾ?"

"ಮೋಸ ಏನಿಲ್ಲ," ಎಂದಳು ಪದ್ಮಾವತಿ. "ಹಾಕೋವರೆಗೂ ಮನೆಗೆ ಬರ್ತಾರೆ."