ಹತ್ತು ನಿಮಿಷ ಮೊದಲು
ಬೆಳಗ್ಗೆ ಒಂಬತ್ತೂವರೆ ಆಯಿತೆಂದರೆ, ಮನೆಯಲ್ಲೇ ಕೂತು ಕೆಲಸ ಮಾಡುವ ಈ ವಿಮಾ ಕಂಪನಿಯ ಗುಮಾಸ್ತರ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಹತ್ತಕ್ಕೆ ವಿಡಿಯೊ ಮೀಟಿಂಗು. ಮನೆಯಲ್ಲಿ ಬಣ್ಣ ಉದುರದ ಗೋಡೆ ಇರುವುದು ಒಂದೇ. ಅದರ ಮುಂದೆ ಕುರ್ಚಿಯನ್ನು ಗೇಣು ಎಡಕ್ಕೆ ಎಳೆಯುತ್ತಾರೆ, ಮತ್ತೆ ಬಲಕ್ಕೆ ತಳ್ಳುತ್ತಾರೆ, ಕೂರುತ್ತಾರೆ, ಎದ್ದು ಕಾಲರ್ ನೋಡಿಕೊಳ್ಳುತ್ತಾರೆ. "ಅಮ್ಮಾ, ಕೆಮ್ಮೋದಿದ್ರೆ ಈಗಲೇ ಕೆಮ್ಮಿಬಿಡು!" "ಕೆಮ್ಮು ನಿನ್ನ ಆಫೀಸಿನ ಗಡಿಯಾರ ನೋಡ್ಕೊಂಡು ಬರುತ್ತೇನೋ?" ಎಂದು ತಾಯಿ ಒಳಗಿನಿಂದ ಗೊಣಗುತ್ತಾರೆ. ಮೀಟಿಂಗಿನ ಮರ್ಯಾದೆ ಗುಮಾಸ್ತರಿಗೆ ಎಷ್ಟು ಮೈಗೂಡಿದೆಯೆಂದರೆ, ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಕೈಯೆತ್ತಿ ಸರದಿಗೆ ಕಾಯುತ್ತಾರೆ. ಮಿಕ್ಕವರೆಲ್ಲ ಹತ್ತಕ್ಕೆ ಸರಿಯಾಗಿ ಬಂದರೆ ಇವರು ಹತ್ತು ನಿಮಿಷ ಮೊದಲೇ ಹಾಜರು. "ಖಾಲಿ ಪರದೆ ಮುಂದೆ ಅಷ್ಟು ಬೇಗ ಯಾಕ್ರೀ ಕೂರ್ತೀರಿ? ಅದೂ ಒಂದು ಮರ್ಯಾದೆನಾ?" ಎಂದು ಹೆಂಡತಿ ಒಂದು ದಿನ ಛೇಡಿಸಿದಳು. ಅವರು ಅವಳ ಮುಖ ನೋಡದೆ ಹೇಳಿದರು: "ಹೋದ ತಿಂಗಳು ಇಬ್ಬರನ್ನ ಕೆಲಸದಿಂದ ತೆಗೆದ್ರು ಕಣೇ. ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಬೆಳಗ್ಗೆ ಅವರಿಗೆ ಮೀಟಿಂಗ್ ತೆರೀಲೇ ಇಲ್ಲ, ಅಷ್ಟೇ. ನಂಗಿವತ್ತು ತೆರೆಯುತ್ತೋ ಇಲ್ವೋ ಅಂತ ನೋಡ್ತೀನಿ." ಅಂದಿನಿಂದ ಒಂಬತ್ತು ಐವತ್ತಕ್ಕೆ ಅವಳೂ ಕೈಲಿದ್ದ ಕೆಲಸ ಬಿಟ್ಟು, ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ. "ತೆರೀತು" ಎಂದು ಗಂಡ ಮೆಲ್ಲಗೆ ಅಂದ ಮೇಲೆಯೇ ಒಳಗೆ ಹೋಗಿ ಒಲೆ ಹಚ್ಚುತ್ತಾಳೆ.